ಬೆಂಕಿ ನಡುವೆಯೇ ಜನರನ್ನು ನಿಲ್ಲಿಸಿಕೊಂಡದ್ದು ಸರಿಯೇ?

ಪ್ರಶ್ನೆ: ನನ್ನ ಮಗಳು, ಅಳಿಯ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ ಇದ್ದಾರೆ. ಈಗ ಬೆಟ್ಟದ ಕಡೆ ಮನೆ ನೋಡುತ್ತಿದ್ದಾರೆ. ಅಲ್ಲಿಂದ ಉತ್ತರಕ್ಕಿರುವ ಪ್ಯಾರಡೈಸ್ ಎಂಬ ಊರು 2018ರಲ್ಲಿ ಕಾಡ್ಗಿಚ್ಚಿಗೆ ಸುಟ್ಟುಹೋದ ಬಗ್ಗೆ ಓದಿದೆ. ಅವತ್ತು ಅಗ್ನಿಶಾಮಕ ದಳದವರು ಓಡಿಹೋಗುತ್ತಿದ್ದ ಜನರನ್ನು ತಡೆದು, ಬೆಂಕಿ ಮಧ್ಯದಲ್ಲೇ ಒಂದು ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿಕೊಂಡರಂತೆ. ಅದನ್ನು ದೊಡ್ಡ ಸಾಹಸ ಎಂದು ಹೊಗಳುತ್ತಾರೆ. ಜನರನ್ನು ಹೊರಗೆ ಕರೆದುಕೊಂಡು ಬರುವುದು ಸಾಹಸ ಅಲ್ವಾ? ನಮ್ಮ ಕಾಡುಗಳಲ್ಲೂ ಹೀಗೇ ಮಾಡುತ್ತಾರಾ? ಮಗಳಿಗೆ ಏನು ಹೇಳಲಿ?

ಉತ್ತರ: ಮೊದಲು ನಿಮ್ಮ ಸಂಶಯಕ್ಕೆ ನೇರ ಉತ್ತರ ಕೊಡುತ್ತೇನೆ. ಅವರು ಮಾಡಿದ್ದು ಸರಿ. ಅವತ್ತು ಆ ಊರಿನಲ್ಲಿ ಕಂಡ ಧೈರ್ಯದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದೂ ಅದೇ. ಬೆಂಕಿಗೆ ನುಗ್ಗಿ ಜನರನ್ನು ತಂದವರೂ ಇದ್ದರು, ಅವರ ವಿಷಯಕ್ಕೂ ಬರುತ್ತೇನೆ. ಆದರೆ ಗಾಬರಿಯಿಂದ ಓಡುತ್ತಿರುವ ಇನ್ನೂರು ಜನರ ಎದುರು ನಿಂತು "ಇಲ್ಲೇ ಇರಿ, ಮುಂದೆ ಹೋಗಬೇಡಿ" ಎನ್ನುವುದಕ್ಕೆ ಬೇರೆಯೇ ಗುಂಡಿಗೆ ಬೇಕು. ಹೇಳಿದ್ದು ತಪ್ಪಾದರೆ ಅಷ್ಟೂ ಜನರ ಸಾವು ಅವರ ತಲೆ ಮೇಲೆ.

ಆ ತೀರ್ಮಾನ ಯಾಕೆ ಬಂತು ಎಂದು ತಿಳಿಯಲು ಅವತ್ತಿನ ಬೆಳಿಗ್ಗೆಯನ್ನು ಸ್ವಲ್ಪ ನೋಡಬೇಕು.

ಪ್ಯಾರಡೈಸ್ ಇರುವುದು ಸಿಯೆರಾ ನೆವಾಡಾ ಬೆಟ್ಟಸಾಲಿನ ಬುಡದಲ್ಲಿ, ಬ್ಯೂಟ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ). ಎರಡು ಆಳವಾದ ಕಣಿವೆಗಳ ನಡುವಿನ ದಿಣ್ಣೆಯ ಮೇಲೆ ಉದ್ದಕ್ಕೆ ಚಾಚಿಕೊಂಡ ಊರು. ಪೈನ್ ಮರಗಳ ಮಧ್ಯೆ ಮನೆಗಳು. ಜನಸಂಖ್ಯೆ ಸುಮಾರು 26,000, ಅದರಲ್ಲಿ ನಿವೃತ್ತರು, ವಯಸ್ಸಾದವರು ಜಾಸ್ತಿ. ಬಯಲಿಗೆ ಇಳಿಯಲು ಇದ್ದದ್ದು ಮುಖ್ಯವಾಗಿ ನಾಲ್ಕು ರಸ್ತೆ, ನಾಲ್ಕೂ ದಕ್ಷಿಣದ ದಿಕ್ಕಿಗೆ. ಆ ವರ್ಷ ಮಳೆಗಾಲ ತಡವಾಗಿತ್ತು. ನವೆಂಬರ್ ಬಂದರೂ ಹುಲ್ಲು, ಪೊದೆ ಎಲ್ಲ ಗರಿಗರಿ ಒಣಗಿದ್ದವು.

ನವೆಂಬರ್ 8, ಗುರುವಾರ. ಬೆಳಿಗ್ಗೆ ಆರೂವರೆಯ ಸುಮಾರಿಗೆ ಫೆದರ್ ನದಿಯ ಕಣಿವೆಯಲ್ಲಿ, ಪಲ್ಗಾ ಎಂಬ ಪುಟ್ಟ ಹಳ್ಳಿಯ ಹತ್ತಿರ, ವಿದ್ಯುತ್ ಗೋಪುರದ ಮೇಲಿನ ಒಂದು ಕೊಕ್ಕೆ ಮುರಿಯಿತು. ತಂತಿ ಗೋಪುರಕ್ಕೆ ತಗುಲಿ ಕಿಡಿ ಉದುರಿತು. ಜಾರ್ಬೋ ಗ್ಯಾಪ್ ಅಗ್ನಿಶಾಮಕ ಠಾಣೆಯ ಕ್ಯಾಪ್ಟನ್ ಮ್ಯಾಟ್ ಮೆಕೆಂಜಿ ತಮ್ಮ ತಂಡದೊಂದಿಗೆ ಹೊರಟು ಹೆದ್ದಾರಿಯಲ್ಲಿ ನಿಂತು ನೋಡಿದಾಗ ಬೆಂಕಿ ನದಿಯ ಆಚೆಗಿತ್ತು. ಅಲ್ಲಿಗೆ ಇದ್ದದ್ದು ಒಂದೇ ಕಚ್ಚಾ ದಾರಿ. ಇಕ್ಕಟ್ಟು, ಪಕ್ಕದಲ್ಲಿ ಪ್ರಪಾತ. ಭಾರದ ಗಾಡಿ ಅಲ್ಲಿ ತೆವಳಬೇಕು, ಬೆಂಕಿ ತಿರುಗಿದರೆ ವಾಪಸ್ ಬರಲಾಗದು.

ಮೆಕೆಂಜಿ ಒಳಗೆ ಹೋಗಲಿಲ್ಲ. ವೈರ್‌ಲೆಸ್ ಹಿಡಿದು ಇನ್ನಷ್ಟು ಫೈರ್ ಎಂಜಿನ್, ಡೋಜರ್, ನೀರಿನ ಟ್ಯಾಂಕರ್ ಕೇಳಿದರು. ಇದು ದೊಡ್ಡ ಅನಾಹುತ ಆಗಬಹುದು, ಹತ್ತಿರದ ಹಳ್ಳಿಯನ್ನು ತೆರವು ಮಾಡಿಸಿ ಎಂದರು. ದೂರದಿಂದ ನೋಡುವವರಿಗೆ ಇದು ಹಿಂಜರಿಕೆ ಅನ್ನಿಸಬಹುದು. ಬೇಸಿಗೆಗಳನ್ನು ಕಾಡಿನ ಬೆಂಕಿಯ ಹಿಂದೆಯೇ ಕಳೆದ ನನ್ನಂಥವನಿಗೆ ಹಾಗನ್ನಿಸುವುದಿಲ್ಲ. ಒಂದು ಎಂಜಿನ್ ಅಲ್ಲಿಗೆ ಹೋಗಿದ್ದರೆ ಬೆಂಕಿ ನಿಲ್ಲುತ್ತಿರಲಿಲ್ಲ. ಸಿಕ್ಕಿಬಿದ್ದ ಆ ತಂಡವನ್ನು ಹುಡುಕಲು ಇನ್ನೆರಡು ತಂಡ ಹೋಗಬೇಕಾಗುತ್ತಿತ್ತು.

ಕಣಿವೆಯಲ್ಲಿ ಆಗ ಗಂಟೆಗೆ 80 ಕಿಲೋಮೀಟರಿನ ಆಸುಪಾಸು ಗಾಳಿ ಬೀಸುತ್ತಿತ್ತು. ನೀರು ಚೆಲ್ಲುವ ವಿಮಾನಗಳು ಕೆಲಸ ಮಾಡುವ ಸ್ಥಿತಿಯೇ ಇರಲಿಲ್ಲ. ಅಂಥ ಗಾಳಿಯಲ್ಲಿ ಬೆಂಕಿಯ ಸಾಲಿಗಿಂತ ಮುಂಚೆ ಕೆಂಡ ಬರುತ್ತದೆ. ಉರಿಯುವ ತೊಗಟೆ, ಎಲೆ, ಮರದ ಚೂರು ಕಿಲೋಮೀಟರುಗಟ್ಟಲೆ ಹಾರಿ ಒಣಗಿದ ಪೈನ್ ಸೂಜಿಗಳ ಮೇಲೆ, ಮನೆಗಳ ಮಳೆನೀರಿನ ದೋಣಿಗಳಲ್ಲಿ ಬೀಳುತ್ತದೆ. ಹತ್ತು ಕಿಲೋಮೀಟರಿಗೂ ಆಚೆ ಹುಟ್ಟಿದ ಬೆಂಕಿಯ ಕೆಂಡ ಎಂಟು ಗಂಟೆಗೆ ಮುಂಚೆಯೇ ಪ್ಯಾರಡೈಸ್‌ಗೆ ಬಿದ್ದಿತ್ತು. ಊರಿನ ಎಷ್ಟೋ ಜಾಗಗಳಲ್ಲಿ ಒಟ್ಟೊಟ್ಟಿಗೆ ಬೆಂಕಿ ಎದ್ದಿತು.

ತೆರವಿಗೆ ಯೋಜನೆ ಇರಲಿಲ್ಲ ಎಂದಲ್ಲ. 2008ರ ಬೆಂಕಿಯಲ್ಲಿ ರಸ್ತೆ ಕಟ್ಟಿಕೊಂಡ ಅನುಭವದಿಂದ ಊರನ್ನು 14 ವಲಯ ಮಾಡಿ, ಒಂದಾದ ಮೇಲೊಂದು ಖಾಲಿ ಮಾಡಿಸುವುದೆಂದು ಬರೆದಿಟ್ಟಿದ್ದರು. ಆದರೆ ಆ ಲೆಕ್ಕ ಬೆಂಕಿ ಒಂದು ಕಡೆಯಿಂದ ನಿಧಾನಕ್ಕೆ ಬರುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿತ್ತು. ಅವತ್ತು ಎಲ್ಲ ವಲಯಗಳೂ ಒಂದೇ ಹೊತ್ತಿಗೆ ಹೊರಟವು. ಎಷ್ಟೋ ಜನರ ಫೋನಿಗೆ ಎಚ್ಚರಿಕೆ ಬರಲೇ ಇಲ್ಲ. ಊರಿನ ಮುಖ್ಯ ರಸ್ತೆ ಸ್ಕೈವೇಯ ಎರಡೂ ಬದಿಯನ್ನು ಕೆಳಗಿಳಿಯುವವರಿಗೇ ಬಿಟ್ಟುಕೊಟ್ಟರೂ ಸಾಲಲಿಲ್ಲ. ಕಾರುಗಳು ಒಂದಕ್ಕೊಂದು ಅಂಟಿಕೊಂಡು ನಿಂತವು, ಎರಡೂ ಪಕ್ಕ ಪೈನ್ ಮರ ಉರಿಯುತ್ತಿತ್ತು. ಟೈರ್ ಕರಗಿದ ಕಾರು ಅಲ್ಲೇ ಕೂತರೆ ಹಿಂದಿನವರಿಗೆ ದಾರಿ ಇಲ್ಲ.

ಸಿಬ್ಬಂದಿ ತೀರ್ಮಾನ ತೆಗೆದುಕೊಂಡದ್ದು ಈ ಹೊತ್ತಿನಲ್ಲಿ. ಉರಿಯುವ ಮರಗಳ ನಡುವೆ ಕಾರಿನಲ್ಲಿ ಕೂತಿರುವುದಕ್ಕಿಂತ ಊರಿನ ಒಳಗೇ ಬೋಳು ಜಾಗಕ್ಕೆ ಹೋಗುವುದು ಮೇಲು ಎಂದು.

ಇದರ ಹಿಂದಿನ ಲೆಕ್ಕ ಸರಳ. ಬೆಂಕಿ ಮುಟ್ಟುವ ಮೊದಲೇ ಅದರ ಕಾವು ಕೊಲ್ಲುತ್ತದೆ. ಎದುರಿಗೆ ಉರಿ ಇದ್ದರೆ, ಅದು ಮೈಗೆ ತಾಗದಿದ್ದರೂ ಕಾವು ನೇರವಾಗಿ ಬಂದು ಚರ್ಮ ಸುಡುತ್ತದೆ, ಉಸಿರಿನ ಜೊತೆ ಒಳಹೋಗುವ ಬಿಸಿಗಾಳಿ ಶ್ವಾಸನಾಳವನ್ನು ಸುಡುತ್ತದೆ. ಈ ಕಾವು ದೂರ ಹೆಚ್ಚಾದಂತೆ ಬೇಗ ಇಳಿಯುತ್ತದೆ. ಕಾಡಿನ ಬೆಂಕಿ ಆರಿಸುವವರಿಗೆ ಕಲಿಸುವ ಒಂದು ಸೂತ್ರವಿದೆ: ಜ್ವಾಲೆ ಎಷ್ಟು ಎತ್ತರವೋ, ಅದರ ಕನಿಷ್ಠ ನಾಲ್ಕು ಪಟ್ಟು ದೂರದಲ್ಲಿರಬೇಕು. ಹತ್ತು ಮೀಟರ್ ಜ್ವಾಲೆಯಾದರೆ ಸುತ್ತಲೂ ನಲವತ್ತು ಮೀಟರ್ ಖಾಲಿ ಜಾಗ. ಅದೂ ಸಮತಟ್ಟು ನೆಲದಲ್ಲಿ, ಗಾಳಿ ಇಲ್ಲದಾಗ. ಗಾಳಿಯೋ ಇಳಿಜಾರೋ ಇದ್ದರೆ ಇನ್ನೂ ಜಾಸ್ತಿ ಬೇಕು. ಮರಗಳ ಊರಿನಲ್ಲಿ ಅಷ್ಟು ಬೋಳು ಜಾಗ ಎಲ್ಲಿರುತ್ತದೆ? ದೊಡ್ಡ ಅಂಗಡಿಯ ಮುಂದೆ, ಚರ್ಚಿನ ಅಂಗಳದಲ್ಲಿ, ಅಗಲವಾದ ಕೂಡುರಸ್ತೆಯಲ್ಲಿ. ಡಾಂಬರು ಮೆತ್ತಗಾಗಬಹುದು, ಆದರೆ ಹುಲ್ಲಿನ ಹಾಗೆ ಹತ್ತಿಕೊಂಡು ಬೆಂಕಿಯನ್ನು ಕಾಲಬುಡಕ್ಕೆ ತರುವುದಿಲ್ಲ.

ಎರಡನೆಯದು ಹೊತ್ತು. ಒಣಹುಲ್ಲಿನ ಬೆಂಕಿ ಒಂದು ಜಾಗವನ್ನು ದಾಟಲು ಒಂದು ನಿಮಿಷವೂ ಬೇಡ. ಪೊದೆ, ಮರಗಳಿದ್ದರೆ ಕೆಲವು ನಿಮಿಷ. ಅಷ್ಟು ಹೊತ್ತು ಜೀವ ಹಿಡಿದುಕೊಂಡರೆ ಆಮೇಲೆ ಸುತ್ತಲೂ ಸುಟ್ಟ ನೆಲ, ಅಲ್ಲಿ ಮತ್ತೆ ಸುಡಲು ಏನೂ ಇರುವುದಿಲ್ಲ. ತೊಂದರೆ ಕೊಡುವುದು ಮನೆ. ಮನೆ ಒಂದು ಗಂಟೆಗೂ ಜಾಸ್ತಿ ಹೊತ್ತು ಉರಿಯುತ್ತದೆ. ಹಾಗಾಗಿ ಎಲ್ಲಿ ನಿಲ್ಲಬೇಕು ಎಂದು ಆರಿಸುವಾಗ ಕಾಡಿನ ದೂರದಷ್ಟೇ ಪಕ್ಕದ ಕಟ್ಟಡದ ದೂರವನ್ನೂ ನೋಡಬೇಕು. ಪಕ್ಕದ ಕಟ್ಟಡ ಹತ್ತಿಕೊಂಡರೆ ಜನರನ್ನು ಮತ್ತೆ ಎಬ್ಬಿಸಿ ಇನ್ನೊಂದು ಕಡೆ ಕರೆದೊಯ್ಯಬೇಕು. ಪ್ಯಾರಡೈಸ್‌ನಲ್ಲಿ ಹೀಗೂ ಆಯಿತು. ಒಂದು ಗುಂಪನ್ನು ಮೊದಲು ಪಾರ್ಕಿಂಗ್ ಜಾಗದಲ್ಲಿ ಸೇರಿಸಿ, ಕಾವು ತಡೆಯಲಾರದಾದಾಗ ಅಂಗಡಿಯ ಒಳಗೆ ಸೇರಿಸಿದರು.

ಇಂಥ ಜಾಗದಲ್ಲಿ ಸಿಬ್ಬಂದಿ ಮಾಡುವ ಕೆಲಸ ನೋಡಲು ಏನೂ ರೋಚಕವಲ್ಲ. ಕಾರುಗಳನ್ನು ಮಧ್ಯಕ್ಕೆ ತರಿಸುವುದು, ಒಂದಕ್ಕೊಂದು ಅಂಟದಂತೆ ಬಿಡಿಸುವುದು. ಗಾಜು ಏರಿಸಿ ಒಳಗೇ ಕೂರಿ ಎಂದು ಹೇಳುವುದು. ಕಾರಿಲ್ಲದವರನ್ನು, ಸುಟ್ಟ ಗಾಯವಾದವರನ್ನು ಎಂಜಿನ್ನಿನ ಕ್ಯಾಬಿನ್ನಿನಲ್ಲಿ ತುಂಬಿಕೊಳ್ಳುವುದು. ಬಿದ್ದ ಕೆಂಡ ತುಳಿದು ಆರಿಸುವುದು. ಇರುವ ಸ್ವಲ್ಪ ನೀರನ್ನು ಜನರ ಪಕ್ಕದ ಒಂದೇ ಒಂದು ಗೋಡೆಗೆ ಮೀಸಲಿಡುವುದು. ಒಂದು ಎಂಜಿನ್ನಿನಲ್ಲಿ ಸುಮಾರು 1,900 ಲೀಟರ್ ನೀರಿರುತ್ತದೆ, ಪೈಪು ಪೂರ್ತಿ ಬಿಟ್ಟರೆ ನಿಮಿಷಗಳಲ್ಲಿ ಖಾಲಿ. ಊರಿನ ನಲ್ಲಿಯ ಒತ್ತಡವೂ ಅವತ್ತು ಬಿದ್ದುಹೋಯಿತು, ಸುಟ್ಟ ಮನೆಗಳ ಪೈಪುಗಳೆಲ್ಲ ಒಡೆದು ನೀರು ಸುಮ್ನೆ ಹರಿದು ಹೋಗುತ್ತಿತ್ತು.

ಆ ದಿನದ ಒಂದೊಂದು ಗಂಟೆಯನ್ನೂ ಆಮೇಲೆ ಬಿಡಿಸಿ ನೋಡಿದ್ದು ಅಮೆರಿಕ ಸರ್ಕಾರದ ನಿಸ್ಟ್ ಎಂಬ ಸಂಶೋಧನಾ ಸಂಸ್ಥೆ. ಮೊದಲೇ ಗೊತ್ತುಮಾಡದೆ, ನಿಂತ ನಿಲುವಿನಲ್ಲಿ ಆರಿಸಿಕೊಂಡ ಇಂಥ 31 ತಾತ್ಕಾಲಿಕ ಆಸರೆಗಳನ್ನು ಅದು ಗುರುತಿಸಿತು. ಅವುಗಳಲ್ಲಿ ಉಳಿದವರು 1,200ಕ್ಕೂ ಹೆಚ್ಚು ಜನ. ಆ ಬೆಂಕಿಯಲ್ಲಿ ಒಟ್ಟು ಸತ್ತವರು 85. ಅವರಲ್ಲಿ ಹೆಚ್ಚಿನವರು ವಯಸ್ಸಾದವರು, ಮನೆಯಲ್ಲಿ ಅಥವಾ ಮನೆಯ ಆಸುಪಾಸಿನಲ್ಲೇ ಸಿಕ್ಕಿದವರು. ಕೆಲವರು ಕಾರಿನಲ್ಲಿ. ಸುಟ್ಟ ಕಟ್ಟಡಗಳು 18,804.

ಇನ್ನು ಬೆಂಕಿಗೆ ನುಗ್ಗಿದವರ ವಿಷಯ. ಜೋ ಕೆನಡಿ ಎಂಬುವರು ಕ್ಯಾಲಿಫೋರ್ನಿಯಾ ರಾಜ್ಯದ ಅಗ್ನಿಶಾಮಕ ಇಲಾಖೆಯ ಡೋಜರ್ ಚಾಲಕರು. ಡೋಜರ್ ಇರುವುದು ಕಾಡಿನಲ್ಲಿ ಮಣ್ಣು ಕೆರೆದು ಬೆಂಕಿಗೆ ತಡೆ ಹಾಕಲು. ಅವತ್ತು ಅವರು ಅದನ್ನು ಊರೊಳಗೆ ಓಡಿಸಿದರು. ಪಿಯರ್ಸನ್ ಎಂಬ ರಸ್ತೆಯ ತಗ್ಗಿನಲ್ಲಿ ಬಿಟ್ಟುಹೋದ ಕಾರುಗಳು ಉರಿಯುತ್ತಾ ದಾರಿ ಕಟ್ಟಿದ್ದವು, ಅದರಾಚೆ ಜನರೂ ಅಗ್ನಿಶಾಮಕ ಸಿಬ್ಬಂದಿಯೂ ಸಿಕ್ಕಿಕೊಂಡಿದ್ದರು. ಕೆನಡಿ ಉರಿಯುವ ಕಾರುಗಳನ್ನು ಬ್ಲೇಡಿನಿಂದ ಪಕ್ಕಕ್ಕೆ ತಳ್ಳಿ ದಾರಿ ಬಿಡಿಸಿದರು. ಒಳಗೆ ಯಾರಾದರೂ ಇದ್ದರೆ ಎಂಬ ಭಯ ಪ್ರತಿ ಕಾರಿಗೂ ಇರುತ್ತದೆ. ನೋಡಿಕೊಂಡೇ ತಳ್ಳಬೇಕು, ನಿಧಾನವನ್ನೂ ಮಾಡುವಂತಿಲ್ಲ.

ಊರಿನ ಆಸ್ಪತ್ರೆಯಿಂದ ರೋಗಿಗಳನ್ನು ಸಾಗಿಸುತ್ತಿದ್ದ ಆಂಬುಲೆನ್ಸ್‌ಗಳ ಕಥೆ ನನಗೆ ಇದಕ್ಕಿಂತಲೂ ಇಷ್ಟ. ದಾರಿಯಲ್ಲಿ ಒಂದು ಆಂಬುಲೆನ್ಸಿಗೇ ಬೆಂಕಿ ಹತ್ತಿತು. ನರ್ಸುಗಳು, ಸಿಬ್ಬಂದಿ ರೋಗಿಗಳನ್ನು ಎತ್ತಿಕೊಂಡು ಹತ್ತಿರದ ಒಂದು ಮನೆಯ ಗ್ಯಾರೇಜಿಗೆ ಹೋದರು. ಅಲ್ಲಿಗೆ ಬಂದ ಅಗ್ನಿಶಾಮಕ ಅಧಿಕಾರಿಯ ಬಳಿ ನೀರಿನ ಗಾಡಿ ಇರಲಿಲ್ಲ. ಅವರು ಮಾಡಿದ್ದು ಇಷ್ಟು: ನಡೆದಾಡುವ ಶಕ್ತಿ ಇದ್ದ ಎಲ್ಲರನ್ನೂ ಕೆಲಸಕ್ಕೆ ಹಚ್ಚಿದರು. ಮಾಡಿನ ಮೇಲಿನ, ದೋಣಿಯೊಳಗಿನ ಪೈನ್ ಸೂಜಿ ಬಾಚಿಸಿದರು. ಮನೆ ಪಕ್ಕದಲ್ಲಿ ಹೊತ್ತಿಕೊಳ್ಳುವಂಥದ್ದನ್ನು ಎಳೆಸಿ ಹಾಕಿಸಿದರು. ತೋಟದ ಪೈಪಿನಲ್ಲಿ ಬಂದಷ್ಟು ನೀರು ಮಾಡಿಗೆ ಹಾಯಿಸಿದರು. ಸುತ್ತಲಿನ ಮನೆಗಳು ಉರಿದವು, ಆ ಮನೆ ನಿಂತಿತು, ಒಳಗಿದ್ದವರು ಉಳಿದರು.

ಅಗ್ನಿಶಾಮಕ ಕೆಲಸಕ್ಕೆ ಸೇರುವವನ ಮನಸ್ಸು ಬೆಂಕಿ ಕಂಡರೆ ಆರಿಸು ಅನ್ನುತ್ತದೆ. ಅವತ್ತು ಬಂದ ಆದೇಶ ಬೆಂಕಿ ಬಿಡಿ, ಜನರನ್ನು ನೋಡಿ ಎಂದು. ಕಣ್ಣೆದುರು ಮನೆ ಉರಿಯುತ್ತಿದ್ದರೂ ಪೈಪು ಬಿಚ್ಚದೆ ದಾಟಿ ಹೋಗಬೇಕು. ಅವರಲ್ಲಿ ಎಷ್ಟೋ ಜನ ಅದೇ ಊರಿನವರು. ಅವರ ಸ್ವಂತ ಮನೆಯೂ ಅದೇ ಹೊತ್ತಿಗೆ ಉರಿಯುತ್ತಿತ್ತು, ಮನೆಯವರು ಪಾರಾದರೋ ಇಲ್ಲವೋ ತಿಳಿಯದೆ ಕೆಲಸ ಮಾಡಿದವರಿದ್ದರು.

ನಿಂತು ಉಳಿಯುವ ಉಪಾಯ ಹೊಸದೇನೂ ಅಲ್ಲ. 1949ರ ಆಗಸ್ಟ್‌ನಲ್ಲಿ ಮೊಂಟಾನಾ ರಾಜ್ಯದ ಮ್ಯಾನ್ ಗಲ್ಚ್ ಎಂಬ ಕಣಿವೆಯಲ್ಲಿ ವ್ಯಾಗ್ನರ್ ಡಾಡ್ಜ್ ಎಂಬುವರ ಮುಂದಾಳತ್ವದ ಬೆಂಕಿ ಆರಿಸುವ ತಂಡವನ್ನು ಹುಲ್ಲಿನ ಬೆಂಕಿ ಬೆಟ್ಟದ ಮೇಲಕ್ಕೆ ಅಟ್ಟಿಸಿಕೊಂಡು ಬಂತು. ಓಡಿ ಗೆಲ್ಲಲಾಗದು ಎಂದು ಕಂಡಾಗ ಡಾಡ್ಜ್ ನಿಂತು, ತನ್ನ ಮುಂದಿನ ಹುಲ್ಲಿಗೆ ತಾನೇ ಕಡ್ಡಿ ಗೀರಿದರು. ಅದು ಸುಟ್ಟು ಬೋಳಾದ ಜಾಗದಲ್ಲಿ ಬೋರಲು ಮಲಗಿದರು, ಬನ್ನಿ ಎಂದು ಉಳಿದವರನ್ನು ಕರೆದರು. ಯಾರೂ ಬರಲಿಲ್ಲ. ತಲೆ ಕೆಟ್ಟಿದೆ ಅಂದುಕೊಂಡರೋ ಏನೋ. ದೊಡ್ಡ ಬೆಂಕಿ ಡಾಡ್ಜ್ ಅವರನ್ನು ಬಳಸಿಕೊಂಡು ಹೋಯಿತು, ಅವರು ಎದ್ದು ಬಂದರು. ಮೇಲಕ್ಕೆ ಓಡಿದವರಲ್ಲಿ ಇಬ್ಬರು ಬಂಡೆಯ ಸಂದು ಹೊಕ್ಕು ಪಾರಾದರು. 13 ಮಂದಿ ಸತ್ತರು. ಡಾಡ್ಜ್ ಅವರ ಲೆಕ್ಕ ಸರಿಯಿತ್ತು, ಆದರೆ ಅದನ್ನು ಬಿಡಿಸಿ ಹೇಳಲು ಹೊತ್ತಿರಲಿಲ್ಲ. ಪ್ಯಾರಡೈಸ್‌ನ ಸಿಬ್ಬಂದಿ ಜನರನ್ನು ಒಪ್ಪಿಸಿದ್ದು ನನಗೆ ದೊಡ್ಡದಾಗಿ ಕಾಣುವುದು ಈ ಹಳೆಯ ಘಟನೆ ಗೊತ್ತಿರುವುದರಿಂದ.

ಒಂದು ಮಾತು ಕಹಿಯಾದರೂ ಹೇಳಲೇಬೇಕು. ಮುರಿದ ಆ ಕೊಕ್ಕೆ ಹೆಚ್ಚುಕಡಿಮೆ ನೂರು ವರ್ಷ ಹಳೆಯದು. ಸವೆದು ಸವೆದು ತೆಳ್ಳಗಾಗಿತ್ತು. ಆ ಲೈನು ಪಿಜಿ ಅಂಡ್ ಇ ಎಂಬ ವಿದ್ಯುತ್ ಕಂಪನಿಯದು. ಸತ್ತ 85 ಜನರಲ್ಲಿ 84 ಜನರ ಸಾವಿಗೆ ಕಾರಣವಾದ ಅಪರಾಧವನ್ನು ಕಂಪನಿ 2020ರ ಜೂನ್‌ನಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಗೋಪುರ ಹತ್ತಿ ಕೊಕ್ಕೆ ನೋಡಿ ಬದಲಿಸುವುದು ಯಾರೂ ಪದಕ ಕೊಡದ ಕೆಲಸ. ಅದನ್ನು ಬಿಟ್ಟದ್ದರಿಂದ ಪದಕದ ಕೆಲಸ ಬೇಕಾಯಿತು. ಸಾಹಸದ ವಿಡಿಯೊ ನೋಡುವಾಗ ನನಗೆ ಮೆಚ್ಚುಗೆಯ ಜೊತೆ ಸಿಟ್ಟೂ ಬರುತ್ತದೆ.

ನಮ್ಮ ಕಾಡುಗಳ ಬಗ್ಗೆ ಕೇಳಿದ್ದೀರಿ. ಬಂಡೀಪುರದಂಥ ಎಲೆ ಉದುರುವ ಕಾಡಿನಲ್ಲಿ ಬೆಂಕಿ ಹೆಚ್ಚಾಗಿ ನೆಲದ ಮೇಲೆ ಹರಿಯುತ್ತದೆ. ತರಗೆಲೆ, ಹುಲ್ಲು, ಲಂಟಾನ ಅದರ ಆಹಾರ. ಕ್ಯಾಲಿಫೋರ್ನಿಯಾದ ಹಾಗೆ ಮರದ ತಲೆಯಿಂದ ತಲೆಗೆ ಹಾರಿ ಊರು ನುಂಗುವುದು ನಮ್ಮಲ್ಲಿ ಅಪರೂಪ. ಹಾಗಂತ ಕಡಿಮೆ ಅಪಾಯ ಎಂದೇನಲ್ಲ, ಅಪಾಯ ಬೀಳುವುದು ಆರಿಸುವವರ ಮೇಲೆ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಮುರಿಗೆಪ್ಪ ಎಂಬ ಯುವ ಅರಣ್ಯ ರಕ್ಷಕ ಪ್ರಾಣ ಬಿಟ್ಟರು. 2019ರ ಫೆಬ್ರವರಿಯಲ್ಲಿ ಅದೇ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಚೆಲ್ಲಿದವು. ಅದರ ಫೋಟೊ ಎಲ್ಲರೂ ನೋಡಿದರು. ನೆಲದ ಮೇಲೆ ಹಸಿ ಸೊಪ್ಪಿನಿಂದ ಬಡಿದು ಬಡಿದು ಬೆಂಕಿ ಆರಿಸಿದ ವಾಚರ್‌ಗಳ ಫೋಟೊ ಕಂಡದ್ದು ಕಡಿಮೆ. ಅವರಲ್ಲಿ ಕಾಡಂಚಿನ ಆದಿವಾಸಿಗಳು ತುಂಬ ಜನ. ಬೇಸಿಗೆಯ ಕೆಲವು ತಿಂಗಳಿಗೆ ದಿನಗೂಲಿಗೆ ಬರುವವರು. ಕಾಲಿಗೆ ಸರಿಯಾದ ಬೂಟು ಇದೆಯೇ, ಕುಡಿಯುವ ನೀರು ಸಿಗುತ್ತದೆಯೇ, ಕೂಲಿ ಹೊತ್ತಿಗೆ ಬರುತ್ತದೆಯೇ ಎಂದು ಕೇಳುವುದು ಅವರ ಧೈರ್ಯಕ್ಕೆ ಕೊಡಬಹುದಾದ ಮೊದಲ ಮರ್ಯಾದೆ.

ನಿಂತು ಉಳಿಯುವ ಲೆಕ್ಕ ನಮ್ಮ ಕಾಡಿಗೂ ಅದೇ. ಬೇಸಿಗೆಗೆ ಮುಂಚೆ ಹುಲ್ಲು ಕಡಿದು, ಸುಟ್ಟು ಮಾಡುವ ಬೆಂಕಿ ರೇಖೆ ಬೆಂಕಿಯನ್ನು ತಡೆಯುತ್ತದೆ, ಅಗಲವಾಗಿದ್ದರೆ ಸಿಬ್ಬಂದಿ ಓಡಿಬಂದು ನಿಲ್ಲುವ ಜಾಗವೂ ಆಗುತ್ತದೆ. ನಮ್ಮವರು ಕೊಡುವ ಎದುರು ಬೆಂಕಿಯೂ ಮುಂದಿನ ಹುಲ್ಲನ್ನು ಮೊದಲೇ ಸುಟ್ಟು ಖಾಲಿ ಮಾಡುವ ಕೆಲಸವೇ.

ನಮ್ಮಲ್ಲಿ ನನಗೆ ಜಾಸ್ತಿ ಭಯ ಇರುವುದು ಹುಲ್ಲುಗಾವಲಿನ ಬೆಟ್ಟಗಳ ಬಗ್ಗೆ, ಅದರಲ್ಲೂ ಚಾರಣಕ್ಕೆ ಹೋಗುವವರ ಬಗ್ಗೆ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಿಗರು ಬೆಂಕಿಗೆ ಸಿಕ್ಕಿ 20ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಗೆ ಮೊದಲು ಹತ್ತಿ ಹೋಗಿ ಗಾಯಾಳುಗಳನ್ನು ಹೊತ್ತು ಇಳಿಸಿದ್ದು ಸುತ್ತಲಿನ ಊರಿನವರು, ಆಮೇಲೆ ವಾಯುಪಡೆ ಬಂತು. ಒಂದು ಬೆಂಕಿಕಡ್ಡಿ ಗೀರಿ ತಲೆ ಕೆಳಗೆ ಮಾಡಿ ಹಿಡಿದು ನೋಡಿ, ಬೆಂಕಿ ಎಷ್ಟು ಬೇಗ ಬೆರಳಿಗೆ ಬರುತ್ತದೆ! ಇಳಿಜಾರಿನ ಹುಲ್ಲಿನಲ್ಲೂ ಹಾಗೇ. ಇಳಿಜಾರು ಹತ್ತು ಡಿಗ್ರಿ ಕಡಿದಾದರೆ ಮೇಲಕ್ಕೆ ಏರುವ ಬೆಂಕಿಯ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಮನುಷ್ಯನ ವೇಗವೋ ಏರು ಬಂದಷ್ಟೂ ಇಳಿಯುತ್ತದೆ. ಹಾಗಾಗಿ ಬೆಂಕಿಯ ಮುಂದೆ ಮೇಲಕ್ಕೆ ಓಡಬೇಡಿ. ಪಕ್ಕಕ್ಕೆ ಸರಿದು ಬಂಡೆ, ಬೋಳು ನೆಲ, ತೊರೆ, ಆಗಲೇ ಸುಟ್ಟ ಜಾಗ ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ಹತ್ತಿ ಬಟ್ಟೆ ಹಾಕಿ, ಕರಗಿ ಮೈಗೆ ಅಂಟುವ ನೈಲಾನ್, ಪಾಲಿಯೆಸ್ಟರ್ ಬೇಡ. ಬೆಂಕಿ ದಾಟುವಾಗ ಮುಖ ನೆಲಕ್ಕೆ ಮಾಡಿ ಮಲಗಿ, ನೆಲದ ಹತ್ತಿರ ಗಾಳಿ ಅಷ್ಟು ಬಿಸಿ ಇರುವುದಿಲ್ಲ.

ಮಗಳಿಗೆ ಹೇಳಬೇಕಾದದ್ದು. ಬೆಟ್ಟದ ಮೇಲೆ ಮನೆ ಬೇಡ ಎಂದು ನಾನು ಹೇಳಲಾರೆ, ಲಕ್ಷಾಂತರ ಜನ ಅಲ್ಲಿದ್ದಾರೆ. ಮನೆ ನೋಡಲು ಹೋದಾಗ ಅಡುಗೆಮನೆ ನೋಡುವ ಮೊದಲು ರಸ್ತೆ ನೋಡಲಿ. ಆ ಬಡಾವಣೆಯಿಂದ ಹೊರಬರಲು ಒಂದೇ ದಾರಿ ಇದ್ದರೆ ಬೇರೆ ಮನೆ ನೋಡುವುದು ಒಳ್ಳೆಯದು. ಕಿಡಿ ಒಳನುಗ್ಗದಂತೆ ಗಾಳಿಕಿಂಡಿಗಳಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಇದೆಯೇ, ಗೋಡೆಗೆ ತಾಗಿದ ಗಿಡ, ಸೌದೆ, ಮರದ ಬೇಲಿ ಇವೆಯೇ ಎಂದು ನೋಡಲಿ. ಗೋಡೆಯಿಂದ ಒಂದೂವರೆ ಮೀಟರ್ ತನಕ ಹೊತ್ತಿಕೊಳ್ಳುವಂಥದ್ದು ಏನೂ ಇರಬಾರದು. ಕೌಂಟಿಯ ಎಚ್ಚರಿಕೆ ವ್ಯವಸ್ಥೆಗೆ ಇಬ್ಬರೂ ತಮ್ಮ ಫೋನ್ ನಂಬರ್ ನೋಂದಾಯಿಸಲಿ. ಅದೊಂದನ್ನೇ ನಂಬಿ ಕೂರುವುದು ಬೇಡ. ಗಾಳಿ ಜೋರಾಗಿದ್ದು ಹೊಗೆ ಕಂಡರೆ ಆದೇಶಕ್ಕೆ ಕಾಯದೆ ಹೊರಡಲಿ. ಬೇಗ ಹೊರಡುವುದೇ ಮೊದಲ ಆಯ್ಕೆ, ಪಾರ್ಕಿಂಗ್ ಜಾಗದಲ್ಲಿ ನಿಲ್ಲುವುದು ಬೇರೆ ದಾರಿಯೇ ಇಲ್ಲದಾಗಿನ ಮಾತು. ಜೂನ್‌ನಿಂದ ಮಳೆ ಬರುವ ತನಕ ಕಾರಿನಲ್ಲಿ ಯಾವಾಗಲೂ ಅರ್ಧ ಟ್ಯಾಂಕಾದರೂ ಪೆಟ್ರೋಲ್ ಇರಲಿ. ನೀವು ಅಲ್ಲಿಗೆ ಹೋಗಿದ್ದಾಗ ಒಂದು ಭಾನುವಾರ ಮೂವರೂ ಮನೆಯಿಂದ ಕೆಳಗಿಳಿಯುವ ಎರಡೂ ದಾರಿಯಲ್ಲಿ ಕಾರು ಓಡಿಸಿ, ದಾರಿಯಲ್ಲಿ ದೊಡ್ಡ ಬೋಳು ಪಾರ್ಕಿಂಗ್ ಜಾಗ ಎಲ್ಲೆಲ್ಲಿದೆ ಎಂದು ನೋಡಿಟ್ಟುಕೊಳ್ಳಿ.